ಬುಷ್–ಕೆರಿ ಜಗಳದ ನಡುವೆ ಓಟಿನ ಪಟ್ಟಿ ಓದಿದ ಅನುಭವ

2004ರಲ್ಲಿ ನಾನು ಒಹಾಯೋದ ಕೊಲಂಬಸ್‌ನಲ್ಲಿದ್ದೆ. ಅಮೆರಿಕದ ಪೌರತ್ವ ಆಗ ತಾನೇ ಸಿಕ್ಕಿತ್ತು, ಅಧ್ಯಕ್ಷರ ಚುನಾವಣೆಯಲ್ಲಿ ಅದೇ ನನ್ನ ಮೊದಲ ಓಟು. ಅಧ್ಯಕ್ಷರಾಗಿದ್ದ ರಿಪಬ್ಲಿಕನ್ ಪಕ್ಷದ ಬುಷ್ ಎದುರು ಡೆಮಾಕ್ರಟಿಕ್ ಪಕ್ಷದ ಜಾನ್ ಕೆರಿ ನಿಂತಿದ್ದರು. ಒಹಾಯೋ ಯಾರಿಗೆ ಒಲಿಯುತ್ತೋ ಅವರೇ ಗೆಲ್ಲೋದು ಅಂತ ಎಲ್ಲರ ಲೆಕ್ಕ. ಹಾಗಾಗಿ ಟಿವಿ ಹಾಕಿದರೆ ಪ್ರಚಾರ, ಫೋನ್ ಎತ್ತಿದರೆ ಪ್ರಚಾರ. ನಮ್ಮ ಕನ್ನಡಿಗರ ವಾರಾಂತ್ಯದ ಊಟದಲ್ಲೂ ಬಿಸಿಬೇಳೆಬಾತ್ ಬಡಿಸುವಷ್ಟರಲ್ಲಿ ಬುಷ್, ಕೆರಿ ಶುರು. ಯಾರು ಏನು ಮಾಡಿದರು, ಯಾವುದಕ್ಕೆ ಓಟು ಹಾಕಿದರು ಅಂತ ದನಿ ಏರುತ್ತಿತ್ತು.

ನಾನು ಒಂದು ಅಭ್ಯಾಸ ಮಾಡಿಕೊಂಡೆ. ಯಾರು ಏನೇ ಹೇಳಲಿ, "ಅದು ಯಾವ ಓಟು ಸಾರ್?" ಅಂತ ಕೇಳೋದು. ಅಂಕಿ ಹೇಳಿದರೆ, "ಎಲ್ಲಿಂದ ಎಲ್ಲಿವರೆಗಿನ ಲೆಕ್ಕ?" ಅಂತ ಕೇಳೋದು. ಆಮೇಲೆ ಮನೆಗೆ ಬಂದು, ಕೆರಿ ಸದಸ್ಯರಾಗಿದ್ದ ಸೆನೆಟ್, ಅಂದರೆ ಅಮೆರಿಕದ ಸಂಸತ್ತಿನ ಮೇಲ್ಮನೆಯ ವೆಬ್‌ಸೈಟ್ ತೆರೆಯೋದು. 1989ರಿಂದ ಈಚೆಗೆ ಹೆಸರು ಕರೆದು ನಡೆಸಿದ ಪ್ರತಿ ಮತದಾನದ ಪಟ್ಟಿ ಅಲ್ಲಿದೆ. ನೂರು ಜನರ ಹೆಸರು, ಪಕ್ಕದಲ್ಲಿ ಹೌದು ಅಥವಾ ಇಲ್ಲ. ಯಾರು ಬೇಕಾದರೂ ನೋಡಬಹುದು, ಬಿಟ್ಟಿ.

ಎಲ್ಲಕ್ಕಿಂತ ಜಾಸ್ತಿ ಜಗಳ ನಡೆದದ್ದು 87 ಬಿಲಿಯನ್ ಡಾಲರ್ ಮೇಲೆ. ಇರಾಕ್ ಮತ್ತು ಅಫ್ಘಾನಿಸ್ತಾನಕ್ಕೆ ಅಂತ 2003ರಲ್ಲಿ ಬುಷ್ ಕೇಳಿದ ಹಣ ಅದು. ಕೆರಿ ಮಾರ್ಚ್ 2004ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಮಾತಾಡುತ್ತಾ, ಅದರ ವಿರುದ್ಧ ಓಟು ಹಾಕೋ ಮೊದಲು ಪರವಾಗಿಯೇ ಹಾಕಿದ್ದೆ ಅಂದುಬಿಟ್ಟರು. ಬುಷ್ ಕಡೆಯವರಿಗೆ ಅಷ್ಟೇ ಸಾಕಾಗಿತ್ತು. ಮಾತು ಎಲ್ಲ ಜಾಹೀರಾತಿಗೂ ಬಂತು. ನಮ್ಮ ಊಟದ ಮನೆಯಲ್ಲಿ ಮೈಸೂರಿನ ಹಿರಿಯರೊಬ್ಬರು ಅದನ್ನು ಹೇಳಿ ಹೇಳಿ ನಗುತ್ತಿದ್ದರು. "ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಇಂಥವರ ಕೈಗೆ ಸೈನ್ಯ ಕೊಡ್ತೀರಾ?"

ಪಟ್ಟಿ ತೆಗೆದು ನೋಡಿದರೆ ಎರಡು ಬೇರೆ ಬೇರೆ ಓಟು. 2003ರ ಅಕ್ಟೋಬರ್ 2ರಂದು ಸೆನೆಟರ್‌ಗಳಾದ ಬೈಡನ್ ಮತ್ತು ಕೆರಿ ತಂದ ತಿದ್ದುಪಡಿ ಬಂತು. ಹಣ ಕೊಡೋಣ, ಆದರೆ ಅತಿ ಹೆಚ್ಚು ಆದಾಯದವರಿಗೆ ಕೊಟ್ಟ ತೆರಿಗೆ ಕಡಿತದಲ್ಲಿ ಒಂದು ಪಾಲು ತಡೆಹಿಡಿದು ಕೊಡೋಣ ಅನ್ನೋದು ಅದರ ಸಾರ. ಅದು 57–42ರಲ್ಲಿ ಬಿದ್ದುಹೋಯಿತು. ಆಮೇಲೆ ಅಕ್ಟೋಬರ್ 17ರಂದು ಮೂಲ ಮಸೂದೆ ಬಂದಾಗ ಕೆರಿ ವಿರುದ್ಧ ಹಾಕಿದರು. ಅದು 87–12ರಲ್ಲಿ ಪಾಸಾಯಿತು.

ಇಲ್ಲಿ ಹೊಸಬರು ಎಡವೋ ಜಾಗ ಒಂದಿದೆ. ಮೊದಲನೇ ಪಟ್ಟಿಯಲ್ಲಿ ಕೆರಿ ಹೆಸರಿನ ಮುಂದೆ ಇರೋದು "ಇಲ್ಲ". ಯಾಕೆಂದರೆ ಸೆನೆಟ್ ನೇರವಾಗಿ ಆ ತಿದ್ದುಪಡಿಯ ಮೇಲೆ ಓಟು ಹಾಕಲಿಲ್ಲ. ತಿದ್ದುಪಡಿಯನ್ನು ಬದಿಗಿಟ್ಟುಬಿಡೋಣ ಅನ್ನೋ ಗೊತ್ತುವಳಿಯ ಮೇಲೆ ಹಾಕಿತು. ಬದಿಗಿಡೋದು ಬೇಡ ಅಂದವರು ತಿದ್ದುಪಡಿಯ ಪರ. ಪಟ್ಟಿಯ ಮೇಲಿನ ಒಂದು ಸಾಲಿನ ವಿವರಣೆ ಓದದೆ ಹೆಸರಿಗೆ ಹಾರಿದರೆ ಎಲ್ಲಾ ತಲೆಕೆಳಗು.

ಹಾಗಂತ ಕೆರಿ ಪರ ವಾದ ಗೆದ್ದಿತು ಅಂತಲ್ಲ. ಸೋಲೋದು ಗೊತ್ತಿದ್ದ ತಿದ್ದುಪಡಿಗೆ ಕೈಯೆತ್ತಿ, ಗೆಲ್ಲೋದು ಗೊತ್ತಿದ್ದ ಮಸೂದೆಗೆ ಬೇಡ ಅನ್ನೋದು ಸುಲಭ ಅಲ್ವಾ ಅಂತ ಹಿರಿಯರು ಕೇಳಿದರು. ಸರಿಯಾದ ಪ್ರಶ್ನೆಯೇ. ಆದರೆ ಇನ್ನೊಂದು ಸಂಗತಿಯೂ ಇತ್ತು. ಇರಾಕ್ ಪುನರ್ನಿರ್ಮಾಣದ ಹಣದಲ್ಲಿ ಸ್ವಲ್ಪವನ್ನು ಸಾಲವಾಗಿ ಕೊಡಬೇಕು ಅಂತ ಸೆನೆಟ್ ಸೇರಿಸಿದಾಗ, ಅದು ಉಳಿದರೆ ಸಹಿ ಹಾಕಲ್ಲ ಅಂತ ಶ್ವೇತಭವನವೇ ಬೆದರಿಸಿತ್ತು. ಅಂದರೆ ಅದೇ ಹಣ ಒಂದು ರೂಪದಲ್ಲಿ ಬೇಕು, ಇನ್ನೊಂದು ರೂಪದಲ್ಲಿ ಬೇಡ ಅನ್ನೋದು ಇಬ್ಬರ ನಿಲುವೂ ಆಗಿತ್ತು. ಇದನ್ನು ಹೇಳಿದಾಗ ಹಿರಿಯರು ನಗಲಿಲ್ಲ, ಒಪ್ಪಲೂ ಇಲ್ಲ. ಪಾಯಸ ಹಾಕಿಸಿಕೊಂಡರು.

ಅಂಕಿಗಳ ಕಥೆಯೇ ಬೇರೆ. ಕೆರಿ 98 ಸಲ ತೆರಿಗೆ ಏರಿಸಲು ಓಟು ಹಾಕಿದ್ದಾರೆ ಅಂತ ಬುಷ್ ಅಭ್ಯರ್ಥಿಗಳ ಟಿವಿ ಚರ್ಚೆಯಲ್ಲೇ ಹೇಳಿದರು. ಬಿಡಿಸಿ ನೋಡಿದರೆ ಒಂದೇ ಮಸೂದೆಯ ಮೇಲಿನ ಹಲವು ಓಟುಗಳು ಬೇರೆ ಬೇರೆ ಎಣಿಕೆಯಾಗಿದ್ದವು. ಬಜೆಟ್ಟಿನ ಗುರಿ ಹಾಕುವ ನಿರ್ಣಯಗಳೂ ಸೇರಿದ್ದವು. ಅವುಗಳಿಂದ ಯಾರ ತೆರಿಗೆಯೂ ಏರೋದಿಲ್ಲ. ಕೆರಿ ಕಡೆಯವರೂ ಕಮ್ಮಿ ಇರಲಿಲ್ಲ. ಬುಷ್ ಕಾಲದಲ್ಲಿ 16 ಲಕ್ಷ ಕೆಲಸ ಹೋಯಿತು ಅಂದರು. ಅದು ಬರೀ ಖಾಸಗಿ ಕೆಲಸಗಳ ಲೆಕ್ಕ. ಸರ್ಕಾರಿ ಕೆಲಸಗಳನ್ನೂ ಸೇರಿಸಿದರೆ ಆಗಿನ ಅಂಕಿಗಳ ಪ್ರಕಾರ ನಷ್ಟ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಒಹಾಯೋದಲ್ಲಿ ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡವನಿಗೆ ಈ ವ್ಯತ್ಯಾಸ ಹೇಳಿ ನೋಡಿ, ಏನು ಸಿಗುತ್ತೆ ಅಂತ ಗೊತ್ತಾಗುತ್ತೆ.

ನಮ್ಮವರಿಗೆ ತೀರಾ ಹತ್ತಿರದ್ದು ಎಚ್-1ಬಿ, ಅಂದರೆ ಹೊರದೇಶದ ಪರಿಣತರಿಗೆ ಅಮೆರಿಕದಲ್ಲಿ ಕೆಲಸ ಮಾಡಲು ಕೊಡುವ ವೀಸಾ. ವರ್ಷಕ್ಕೆ 1,95,000 ಇದ್ದ ಮಿತಿ ಅಕ್ಟೋಬರ್ 2003ರಲ್ಲಿ 65,000ಕ್ಕೆ ಇಳಿಯಿತು. "ಬುಷ್ ಇಳಿಸಿಬಿಟ್ಟ" ಅಂತ ಒಬ್ಬ ಗೆಳೆಯ ಬೈಯುತ್ತಿದ್ದ. ತಮ್ಮನನ್ನು ಬೆಂಗಳೂರಿನಿಂದ ಕರೆಸಿಕೊಳ್ಳೋ ಆಸೆ ಅವನಿಗೆ. ಆದರೆ ಬುಷ್ ಇಳಿಸಿದ್ದಲ್ಲ. ಕ್ಲಿಂಟನ್ ಸಹಿ ಹಾಕಿದ 2000ದ ಕಾನೂನು ಮಿತಿಯನ್ನು ಕೆಲವು ವರ್ಷಕ್ಕೆ ಮಾತ್ರ ಏರಿಸಿತ್ತು, ಆ ಅವಧಿ ಮುಗಿಯಿತು ಅಷ್ಟೇ. ಮುಂದುವರಿಸಲಿಲ್ಲ ಅಂತ ಬೇಕಾದರೆ ಬೈಯಿ ಅಂದೆ. ಇತ್ತ ಕೆರಿಯೋ, ಕೆಲಸವನ್ನು ಹೊರದೇಶಕ್ಕೆ ಸಾಗಿಸುವ ಕಂಪನಿ ಮುಖ್ಯಸ್ಥರನ್ನು ದೇಶದ್ರೋಹಿಗಳಿಗೆ ಹೋಲಿಸಿ ಭಾಷಣ ಮಾಡುತ್ತಿದ್ದರು. ಆ ಕೆಲಸಗಳಲ್ಲಿ ಎಷ್ಟೋ ಬಂದು ಸೇರುತ್ತಿದ್ದದ್ದು ಬೆಂಗಳೂರಿಗೇ. ಗೆಳೆಯ ಯಾರ ಕಡೆ ಇರಬೇಕು ಹೇಳಿ!

ಸೆನೆಟರ್ ಆದವರಿಗೆ ಓಟಿನ ಪಟ್ಟಿ ಇದೆ, ಅಧ್ಯಕ್ಷರಿಗೆ ಏನಿದೆ ಅಂತ ಯೋಚಿಸಿದಾಗ ನನಗೆ ಸಿಕ್ಕಿದ್ದು ಸಹಿ. ಬುಷ್ ಮೊದಲ ನಾಲ್ಕು ವರ್ಷದಲ್ಲಿ ಒಂದೇ ಒಂದು ಮಸೂದೆಯನ್ನೂ ವೀಟೋ ಮಾಡಿರಲಿಲ್ಲ, ಅಂದರೆ ಸಹಿ ಹಾಕದೆ ತಿರಸ್ಕರಿಸಿರಲಿಲ್ಲ. ಹಾಗಾಗಿ ಖರ್ಚು ಜಾಸ್ತಿಯಾದದ್ದು ಕಾಂಗ್ರೆಸ್‌ನಿಂದ (ಅಮೆರಿಕದ ಸಂಸತ್ತಿನಿಂದ), ಅಧ್ಯಕ್ಷರು ಏನು ಮಾಡ್ತಾರೆ ಅಂತ ಯಾರಾದರೂ ಅಂದರೆ, ಪ್ರತಿಯೊಂದಕ್ಕೂ ಅವರದೇ ಸಹಿ ಇದೆಯಲ್ಲ ಅನ್ನುತ್ತಿದ್ದೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಇದೇ ದಾರಿ.

ಇಷ್ಟೆಲ್ಲಾ ಮಾಡಿ ಯಾರ ಮನಸ್ಸಾದರೂ ಬದಲಾಯಿತಾ ಅಂತ ಕೇಳಬೇಡಿ. ನನಗೆ ತಿಳಿದ ಮಟ್ಟಿಗೆ ಒಬ್ಬರದೂ ಇಲ್ಲ. ಆದರೆ ಚರ್ಚೆಯ ರೀತಿ ಬದಲಾಯಿತು. "ಅವನು ಸುಳ್ಳ" ಅನ್ನೋದು ಹೋಗಿ "ಆ ಓಟು ಯಾಕೆ ಹಾಕಿದ" ಅನ್ನೋದಕ್ಕೆ ಬಂತು. ಹಿರಿಯರೇ ಒಂದು ದಿನ ಫೋನ್ ಮಾಡಿ ಪಟ್ಟಿ ಎಲ್ಲಿ ಸಿಗುತ್ತೆ ಅಂತ ಕೇಳಿ ಬರೆದುಕೊಂಡರು. ನವೆಂಬರ್ 2ರಂದು ಮಳೆಯಲ್ಲಿ ಉದ್ದದ ಸಾಲಲ್ಲಿ ನಿಂತು ಓಟು ಹಾಕಿದೆವು. ಒಹಾಯೋವನ್ನು ಬುಷ್ ಸುಮಾರು 1,18,000 ಓಟುಗಳಿಂದ ಗೆದ್ದರು, ಅದರೊಂದಿಗೆ ದೇಶವನ್ನೂ.

2008ರಲ್ಲಿ ಕೆಲಸ ಸುಲಭವಾಗಿತ್ತು, ಒಬಾಮಾ, ಮೆಕೇನ್ ಇಬ್ಬರೂ ಸೆನೆಟರ್‌ಗಳು. ಕಷ್ಟವಾದದ್ದು 2016ರಲ್ಲಿ. ಹಿಲರಿ ಬಗ್ಗೆ ಕೆದಕಲು 8 ವರ್ಷದ ಸೆನೆಟ್ ಓಟುಗಳಿದ್ದವು, ಟ್ರಂಪ್‌ಗೆ ಒಂದೂ ಇರಲಿಲ್ಲ. ದಾಖಲೆ ಇದ್ದವರೇ ಬೈಗುಳ ತಿನ್ನೋದು ಅಂತ ಆ ವರ್ಷ ಹಿರಿಯರೇ ಅಂದರು. ಅವರು ಆಗಲೂ ರಿಪಬ್ಲಿಕನ್.