ಮೋರಿಗೊಂದು ಹಾಳೆ

ತೀರ್ಥಹಳ್ಳಿ, ಹೊಸನಗರ ಕಡೆ ರಸ್ತೆ, ಮೋರಿ (ರಸ್ತೆಯಡಿ ಹಳ್ಳದ ನೀರು ಹಾಯಲು ಕಟ್ಟುವ ದಾರಿ), ತಡೆಗೋಡೆ ಕೆಲಸ ಮಾಡುವ ಶಿವಮೊಗ್ಗದ ಸಣ್ಣ ಕಂಪನಿಯೊಂದರಲ್ಲಿ ನಾನು ಸೈಟ್ ಇಂಜಿನಿಯರ್. ನಮ್ಮಲ್ಲಿ ಕಾಗದಕ್ಕೇನೂ ಬರವಿರಲಿಲ್ಲ. ಅಳತೆ ಪುಸ್ತಕ, ಕಾಂಕ್ರೀಟಿನ ಗಟ್ಟಿತನ ನೋಡುವ 7 ಮತ್ತು 28 ದಿನದ ಕ್ಯೂಬ್ ಟೆಸ್ಟ್ ವರದಿ, ಬಿಲ್ಲಿನ ಪ್ರತಿ, ಎಲ್ಲ ಇರುತ್ತಿದ್ದವು. ಎಷ್ಟು ಕಾಂಕ್ರೀಟ್ ಹೋಯಿತು ಎಂದು ಕೇಳಿದರೆ ತಕ್ಷಣ ಹೇಳಬಹುದಿತ್ತು. ಪಾಯವನ್ನು ಡ್ರಾಯಿಂಗಿಗಿಂತ ಕೆಳಗಿಳಿಸಿದ್ದು ಯಾಕೆ ಎಂಬುದು ಮಾತ್ರ ಮೇಸ್ತ್ರಿಯ ತಲೆಯಲ್ಲಿರುತ್ತಿತ್ತು. ಮೇಸ್ತ್ರಿ ಬೇರೆ ಕೆಲಸಕ್ಕೆ ಹೋದರೆ ಅದೂ ಜೊತೆಗೇ ಹೋಗುತ್ತಿತ್ತು.

ಹಾಗಾಗಿ ಪ್ರತಿ ಮೋರಿಗೂ ಒಂದು ಹಾಳೆ ಬರೆಯತೊಡಗಿದೆ. ಅದನ್ನು ಟೆಂಡರಿನ ಹೆಸರಲ್ಲಿ ಇಡಲಿಲ್ಲ, ರಸ್ತೆ ಮತ್ತು ಚೈನೇಜ್ (ರಸ್ತೆ ಶುರುವಾದಲ್ಲಿಂದ ಅಲ್ಲಿಗಿರುವ ದೂರ) ಪ್ರಕಾರ ಇಟ್ಟೆ. ತಿರುವು ನೇರ ಮಾಡಿದಾಗ ಚೈನೇಜೂ ಬದಲಾಗುತ್ತದೆ, ಅದಕ್ಕೇ ಹಳ್ಳದ ಹೆಸರು, ಹತ್ತಿರದ ಊರು, ಜಿಪಿಎಸ್ ಗುರುತು ಮೂರನ್ನೂ ಸೇರಿಸಿದೆ.

ಆಗುಂಬೆ ಕಡೆಯ ಒಂದು ಹಾಳೆಯಲ್ಲಿ ಹೀಗಿದೆ: ಮೇಲೆ ಜಂಬಿಟ್ಟಿಗೆ, ಅದರಡಿ ಬಿಳಿ ಶೇಡಿ ಮಣ್ಣು. ಪಾಯ ಶೇಡಿಯ ಮೇಲೆ ನಿಲ್ಲಿಸದೆ ಗಟ್ಟಿ ನೆಲದವರೆಗೆ ಇಳಿಸಿದೆವು. ತಡೆಗೋಡೆಯ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ವೀಪ್ ಹೋಲ್ ಬಿಟ್ಟೆವು. ಕೆಳಗೆ ಮೇಸ್ತ್ರಿಯ ಮಾತು ಹೇಳಿದಂತೆಯೇ ಇದೆ: “ಸಾರ್, ಬ್ಯಾಸಿಗೇಲಿ ಈ ಶೇಡಿಗೆ ಗುದ್ದಲಿ ಹಾಕಿದ್ರೂ ಇಳಿಯಲ್ಲ. ಆಷಾಢ ಬರ್ಲಿ, ಬೆಣ್ಣೆ ಆಗಿರ್ತದೆ.” ಮಣ್ಣಿನ ವರದಿ ಹೇಳುವುದೂ ಇದನ್ನೇ, ಆದರೆ ಹೊಸ ಹುಡುಗರಿಗೆ ನಾಟುವುದು ಈ ಮಾತು. ಪೈಪ್ ಮೋರಿ ಹಾಕೋಣ ಎಂದುಕೊಂಡು ಕೈಬಿಟ್ಟಿದ್ದೂ ಅಲ್ಲಿದೆ: ಮಳೆಯಲ್ಲಿ ಕಾಡಿನ ಕಸಕಡ್ಡಿ, ದಿಮ್ಮಿ ಬಂದು ಬಾಯಿ ಕಟ್ಟುತ್ತದೆ, ಹಾಗಾಗಿ ಅಗಲ ಬಾಯಿಯ ಬಾಕ್ಸ್ ಮೋರಿ. ಕೈಬಿಟ್ಟ ಯೋಚನೆಯನ್ನು ಬರೆದಿಡದಿದ್ದರೆ ಮುಂದಿನವರು ಅದನ್ನೇ ಹೊಸದಾಗಿ ಹೊತ್ತು ತರುತ್ತಾರೆ.

ಮೇಸ್ತ್ರಿಗಳು ಬರೆಯಲಿ ಎಂದು ನಾನು ಕಾಯುವುದಿಲ್ಲ. ಊಟದ ಹೊತ್ತಿನಲ್ಲಿ ಮೊಬೈಲ್ ರೆಕಾರ್ಡ್ ಇಟ್ಟು ಮಾತಾಡಿಸುತ್ತೇನೆ, ಸಂಜೆ ಟೈಪ್ ಮಾಡುತ್ತೇನೆ. ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟ್ ಹಾಕುವ ಮುಂಚೆ, ಟೇಪ್ ಹಿಡಿದು ಅಳತೆ ಕಾಣುವಂತೆ ಫೋಟೋ ತೆಗೆಯುತ್ತೇನೆ. ಆಮೇಲೆ ಆ ಕಂಬಿ ಯಾರಿಗೂ ಕಾಣುವುದಿಲ್ಲ. ಹಳ್ಳದ ಪಕ್ಕದ ಮನೆಯವರನ್ನೂ ಕೇಳುತ್ತೇನೆ. 2019ರ ಆಗಸ್ಟ್ ನೆರೆಯಲ್ಲಿ ನೀರು ಎಲ್ಲಿಗೆ ಬಂದಿತ್ತು ಎಂದರೆ ಕೊಟ್ಟಿಗೆ ಗೋಡೆಯ ಮೇಲೆ ಕೈ ಇಟ್ಟು ತೋರಿಸುತ್ತಾರೆ. ಅದರ ಲೆವೆಲ್ ತೆಗೆದು ಹಾಳೆಗೆ ಹಾಕುತ್ತೇನೆ.

ಹಂಚಿಕೊಳ್ಳಲು ನಮಗೆ ಮಳೆಗಾಲವೇ ಅನುಕೂಲ. ಜೂನ್ ಹಿಡಿದರೆ ಮಣ್ಣು ಕೆಲಸ ನಿಲ್ಲುತ್ತದೆ. ಆಗ ಶಿವಮೊಗ್ಗದ ಆಫೀಸಿನಲ್ಲಿ ಎಲ್ಲರೂ ಕೂತು ಆ ವರ್ಷದ ಹಾಳೆಗಳನ್ನು ಓದುತ್ತೇವೆ. ಮೇಸ್ತ್ರಿಗಳನ್ನು ಕರೆಯದೆ ಈ ಸಭೆ ಮಾಡಬಾರದು ಎಂಬುದು ನನ್ನ ಹಟ. ಬಂದ ದಿನದ ಕೂಲಿ ಕಂಪನಿಯೇ ಕೊಡುತ್ತದೆ. “ಅದು ಹಂಗಲ್ಲ ಸಾರ್” ಎಂದು ಅವರು ಬಾಯಿ ಹಾಕಿದಲ್ಲೇ ಹಾಳೆ ತಿದ್ದುಪಡಿಯಾಗುತ್ತದೆ.

ಘಾಟಿಯಲ್ಲಿ ನೆಟ್‌ವರ್ಕ್ ನೆಚ್ಚುವಂತಿಲ್ಲ. ಕಂಪ್ಯೂಟರಿನಲ್ಲಿ ಇರುವುದರ ಜೊತೆಗೆ ಒಂದು ಪ್ರಿಂಟ್ ಸೈಟ್ ಶೆಡ್ಡಿನ ಫೈಲಿನಲ್ಲೂ ಇರುತ್ತದೆ. ಇಷ್ಟೆಲ್ಲ ನಿಂತಿರುವುದು ನಮ್ಮ ಮಾಲೀಕರು ಒಪ್ಪಿದ ಒಂದು ಷರತ್ತಿನ ಮೇಲೆ: ಹಾಳೆ ಲಗತ್ತಿಸದೆ ಕೊನೆ ಬಿಲ್ಲಿಗೆ ಅವರು ಸಹಿ ಹಾಕುವುದಿಲ್ಲ.