ಮಿಕ್ಕ ಊಟಕ್ಕೆ ದಾರಿ ಬೇಕಾ? ಮುಹೂರ್ತಕ್ಕೆ ಮೊದಲೇ ಯೋಚಿಸಿ

ಮದುವೆ ಹಾಲ್‌ನಲ್ಲಿ ಕೊನೆಯ ಪಂಕ್ತಿ ಏಳುವಾಗ ಮೂರು ಗಂಟೆ ಆಗಿರುತ್ತದೆ. ಆಮೇಲೆ ಯಾರೋ ಅಡುಗೆ ಕೋಣೆಗೆ ಹೋಗಿ ನೋಡುತ್ತಾರೆ. ಒಂದು ಹಂಡೆ ಅನ್ನ ಹಾಗೇ ಇದೆ, ಸಾಂಬಾರು ಅರ್ಧಕ್ಕರ್ಧ ಇದೆ. ಆಗ ಶುರುವಾಗುತ್ತದೆ ಫೋನು: ಆ ಆಶ್ರಮಕ್ಕೆ ಕೇಳಿ, ಈ ಹಾಸ್ಟೆಲ್‌ಗೆ ಕೇಳಿ. ಅಲ್ಲಿ ಎಲ್ಲರೂ ಊಟ ಮುಗಿಸಿ ಪಾತ್ರೆ ತೊಳೆದಾಗಿರುತ್ತದೆ. ನಾಲ್ಕೂವರೆಗೆ ಯಾರಾದರೂ ಒಪ್ಪಿದರೂ, ಅಷ್ಟು ಹೊತ್ತಿಗೆ ಕಾಯಿ ಅರೆದು ಹಾಕಿದ ಪದಾರ್ಥ ನಮ್ಮ ಕರಾವಳಿಯ ಸೆಕೆಗೆ ಹುಳಿ ಬರಲು ಶುರುವಾಗಿರುತ್ತದೆ. ಕೊಡುವ ಮನಸ್ಸು ಇಲ್ಲದೆ ಅಲ್ಲ, ಹೊತ್ತು ಮೀರಿ ಊಟ ಹಾಳಾಗುವುದು. ಅದಕ್ಕೇ ಮಿಕ್ಕಿದ್ದು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಒಲೆ ಹಚ್ಚುವ ಮೊದಲೇ ತೀರ್ಮಾನ ಮಾಡಿ.

ಇದೇನು ಸಣ್ಣ ವಿಷಯ ಅಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ ಭಾರತದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 55 ಕಿಲೋ ಆಹಾರ ಕಸವಾಗುತ್ತದೆ. ನಾಲ್ಕು ಜನರ ಮನೆಗೆ 220 ಕಿಲೋ. ಆ ಹಸಿ ಕಸ ಪ್ಲಾಸ್ಟಿಕ್ ಜೊತೆ ಸೇರಿ ಹೋಗಿ ಬೀಳುವ ಜಾಗ ಯಾವುದು ಅಂತ ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂದದ್ದು ನೆನಪಿದೆ ಅಲ್ವಾ?

ಮೊದಲು ಲೆಕ್ಕ. ಮದುವೆ ಕಾಗದ ಕೊಟ್ಟು ಕರೆದವರೆಲ್ಲ ಊಟಕ್ಕೆ ಬರುವುದಿಲ್ಲ. ಒಳ್ಳೆ ಮುಹೂರ್ತದ ದಿನ ಒಬ್ಬೊಬ್ಬರಿಗೆ ಎರಡು ಮೂರು ಕಡೆ ಹೋಗಲಿಕ್ಕಿರುತ್ತದೆ, ಒಂದು ಕಡೆ ಮಾತ್ರ ಉಣ್ಣುತ್ತಾರೆ. ಹತ್ತಿರದವರಿಗೆ ಒಂದು ವಾರ ಮೊದಲು ಫೋನ್ ಮಾಡಿ "ಊಟಕ್ಕೆ ಎಷ್ಟು ಜನ ಬರ್ತೀರಿ" ಅಂತ ಕೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಅಡುಗೆ ಭಟ್ಟರ ಹತ್ತಿರ ಕೂತು ಮಾತಾಡಿ. ಎಲ್ಲ ಅನ್ನ ಒಂದೇ ಸಲಕ್ಕೆ ಬೇಯಿಸಬೇಡಿ, ಅಕ್ಕಿ ತೊಳೆದು ತಯಾರಿಟ್ಟರೆ ಸಾಕು. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ಆದರೆ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ, ಬೇಗ ಆಗುತ್ತದೆ. ಹಾಗಾಗಿ ಕುಚ್ಚಲಕ್ಕಿ ಸ್ವಲ್ಪ ಕಡಿಮೆಯೇ ಇಟ್ಟು, ಜನ ಜಾಸ್ತಿ ಬಂದರೆ ಬೆಳ್ತಿಗೆಯಲ್ಲಿ ಸುಧಾರಿಸಬಹುದು. ಬೇಯದ ಅಕ್ಕಿ ಮಿಕ್ಕರೆ ಯಾರಿಗೂ ನಷ್ಟ ಇಲ್ಲ. ಬಗೆ ಕೂಡ ಕಡಿಮೆ ಮಾಡಿ. ನಾಲ್ಕು ಸಿಹಿ, ಮೂರು ಪಲ್ಯ ಬಡಿಸಿದರೆ ಎಲೆಯ ಮೇಲೆ ಬಿಡುವುದೇ ಜಾಸ್ತಿ. ಎಲೆಯಲ್ಲಿ ಬಿಟ್ಟದ್ದು ಮತ್ತೆ ಯಾರ ಊಟಕ್ಕೂ ಬರುವುದಿಲ್ಲ.

ಇನ್ನು ಕೊಡುವುದು ಯಾರಿಗೆ? ಕಾರ್ಯಕ್ರಮಕ್ಕೆ ಮೂರು ನಾಲ್ಕು ದಿನ ಇರುವಾಗಲೇ ಎರಡು ಕಡೆ ಮಾತಾಡಿಟ್ಟುಕೊಳ್ಳಿ. ಒಂದು ಕಡೆ ಬೇಡ ಅಂದರೆ ಇನ್ನೊಂದಿರಲಿ. ಮಂಗಳೂರಿನಲ್ಲಿ ವೈಟ್ ಡೌಸ್‌ನಂಥ, ಬೀದಿಯಲ್ಲಿದ್ದವರನ್ನು ನೋಡಿಕೊಳ್ಳುವ ಸಂಸ್ಥೆಗಳಿವೆ. ಮಂಗಳೂರು, ಉಡುಪಿ ಎರಡೂ ಕಡೆ ವೃದ್ಧಾಶ್ರಮಗಳಿವೆ, ದೂರದ ಊರಿಂದ ಕೆಲಸಕ್ಕೆ ಬಂದವರ ಶೆಡ್ಡುಗಳಿವೆ. ಮಂಗಳೂರಿನ ವೆನ್ಲಾಕ್, ಲೇಡಿಗೋಷನ್, ಉಡುಪಿಯ ಅಜ್ಜರಕಾಡು ಆಸ್ಪತ್ರೆಗಳಲ್ಲಿ ರೋಗಿಗಳ ಜೊತೆ ಬಂದು ದಿನಗಟ್ಟಲೆ ಕಾಯುವವರಿದ್ದಾರೆ, ಆದರೆ ಅಲ್ಲಿ ಆಸ್ಪತ್ರೆಯವರ ಒಪ್ಪಿಗೆ ಇಲ್ಲದೆ ಏನೂ ಹಂಚಬೇಡಿ, ರೋಗಿಗಳಿಗಂತೂ ಕೊಡಲೇಬೇಡಿ. ಕೇಳಬೇಕಾದ ಪ್ರಶ್ನೆಗಳು ಇಷ್ಟೇ: ಎಷ್ಟು ಜನ ಇದ್ದೀರಿ, ಎಷ್ಟು ಗಂಟೆಗೆ ಉಣ್ಣುತ್ತೀರಿ, ಆ ದಿನ ನಿಮ್ಮ ಅಡುಗೆ ನಿಲ್ಲಿಸುತ್ತೀರಾ, ಮೀನು ಮಾಂಸ ಆಗುತ್ತದಾ. ಅವರು ಆಗಲೇ ಅಡುಗೆ ಮಾಡಿದ್ದರೆ ನಿಮ್ಮ ಊಟ ಅಲ್ಲಿ ಹೋಗಿ ಹಾಳಾಗುತ್ತದೆ. ಕಸದ ಬುಟ್ಟಿ ಮಾತ್ರ ಬದಲು, ಅಷ್ಟೇ. ಕೊಂಡುಹೋಗುವ ಗಾಡಿ ಯಾರದ್ದು, ಮುಚ್ಚಳ ಇರುವ ಪಾತ್ರೆ ಎಷ್ಟು, ವಾಪಸ್ ತರುವವರು ಯಾರು, ಇದನ್ನೂ ಮೊದಲೇ ಒಬ್ಬರಿಗೆ ವಹಿಸಿ. ಮದುಮಗಳ ಅಪ್ಪನಿಗೆ ಬೇಡ, ಅವರಿಗೆ ಆ ದಿನ ಪುರುಸೊತ್ತಿರುವುದಿಲ್ಲ.

ಫುಡ್ ಬ್ಯಾಂಕ್ ಅಂದರೆ ಬಿಸಿ ಊಟ ಹಂಚುವುದು ಅಂತ ತುಂಬ ಜನ ತಿಳಿದಿದ್ದಾರೆ. 1967ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಮೊದಲ ಫುಡ್ ಬ್ಯಾಂಕ್ ಶುರುವಾದಾಗ, ಬಳಸಲು ಯೋಗ್ಯವಾಗಿದ್ದೂ ಮಾರಾಟವಾಗದ ಸಾಮಾನನ್ನು ಒಂದು ಕಡೆ ಸೇರಿಸಿಟ್ಟು, ಬೇಕಾದ ಸಂಸ್ಥೆಗಳಿಗೆ ಕೊಡುವುದೇ ಅದರ ಕೆಲಸವಾಗಿತ್ತು. ನಮ್ಮಲ್ಲಿ ಮಾಡಿದ ಅಡುಗೆಯನ್ನು ಸಾಗಿಸುವ ಗುಂಪುಗಳು ಜಾಸ್ತಿ. 2014ರಲ್ಲಿ ದೆಹಲಿಯಲ್ಲಿ ಶುರುವಾದ ರಾಬಿನ್ ಹುಡ್ ಆರ್ಮಿ ಹಾಗೆಯೇ, ಹಣ ತೆಗೆದುಕೊಳ್ಳುವುದಿಲ್ಲ, ಊಟ ಮಾತ್ರ. ನಿಮ್ಮ ಫ್ಲಾಟ್‌ನಲ್ಲಿ ಒಂದು ಸಣ್ಣ ಒಣ ಸಾಮಾನಿನ ಬ್ಯಾಂಕ್ ಮಾಡುವುದು ಸುಲಭ: ಕೆಳಗೆ ಒಂದು ಮುಚ್ಚಳದ ಡಬ್ಬ, ಅದರಲ್ಲಿ ಒಡೆಯದ ಪ್ಯಾಕೆಟ್‌ನ ಬೇಳೆ, ಅಕ್ಕಿ, ಎಣ್ಣೆ, ಸಕ್ಕರೆ. ತಾರೀಕು ಮುಗಿಯಲು ಕನಿಷ್ಠ ಒಂದು ತಿಂಗಳಾದರೂ ಇರಬೇಕು. ಮಳೆಗಾಲದಲ್ಲಿ ಹಿಟ್ಟು, ರವೆ ತೆಗೆದುಕೊಳ್ಳಬೇಡಿ, ತೇವಕ್ಕೆ ಹುಳ ಬೀಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ, ಇಲ್ಲಿ ಸಡಿಲ ಮಾಡಬೇಡಿ. ಬೇಯಿಸಿದ ಊಟ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಡಲೇಬೇಕಾದರೆ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲ 5 ಡಿಗ್ರಿಗಿಂತ ತಣ್ಣಗಿರಬೇಕು. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ, ಬಿಟ್ಟ ವಿಷವಂತೂ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ "ಕುದಿಸಿ ಕೊಟ್ಟರಾಯ್ತು" ಅನ್ನುವ ಮಾತು ತಪ್ಪು. ಬಡಿಸಲು ಹೊರಗೆ ತರದ ಪಾತ್ರೆಯದ್ದನ್ನೇ ಕೊಡಿ. ಅದಕ್ಕೆ ಎರಡನೇ ಪಂಕ್ತಿ ಕೂತಾಗಲೇ ಒಬ್ಬರು ಅಂದಾಜು ಮಾಡಿ, ಮಿಗುವುದನ್ನು ಬಿಸಿ ಇರುವಾಗಲೇ ಬೇರೆ ಮಾಡಿ ಕಳಿಸಿಬಿಡಬೇಕು. ಕಾಯಿಹಾಲಿನ ಪಾಯಸ, ಮಜ್ಜಿಗೆ ಹುಳಿ, ಕಾಯಿ ಹಾಕಿದ ಪಲ್ಯ, ಕೋಸಂಬರಿ ಬೇಗ ಕೆಡುತ್ತವೆ, ಸಂಶಯ ಇದ್ದರೆ ಕೊಡಬೇಡಿ. ಹೋಳಿಗೆ, ಲಾಡು, ಹಪ್ಪಳ ಸ್ವಲ್ಪ ಹೆಚ್ಚು ಹೊತ್ತು ತಾಳುತ್ತವೆ. ಪಾತ್ರೆಗೊಂದು ಚೀಟಿ ಅಂಟಿಸಿ: ಏನು, ಎಷ್ಟು ಗಂಟೆಗೆ ಆದದ್ದು, ಸಸ್ಯಾಹಾರವೋ ಮಾಂಸಾಹಾರವೋ, ಯಾರು ಕೊಟ್ಟದ್ದು. ಮಿಕ್ಕ ಆಹಾರ ಹಂಚುವ ಸಂಸ್ಥೆಗಳಿಗೆ ಅಂತಲೇ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮ ಮಾಡಿದೆ. ಪಡೆಯುವ ಸಂಸ್ಥೆ ನೋಂದಾಯಿಸಿದೆಯಾ ಅಂತ ಕೇಳಿ ನೋಡಿ. ನೀವೇ ಉಣ್ಣಲು ಹಿಂಜರಿಯುವ ಊಟವನ್ನು ಬಡವರಿಗೆ ಅಂತ ಕಳಿಸುವುದು ದಾನ ಅಲ್ಲ.

ಮಿಕ್ಕ ಅನ್ನ ಹಂಡೆಗಟ್ಟಲೆ ದನಕ್ಕೆ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬೇಡ. ಅಭ್ಯಾಸ ಇಲ್ಲದ ದನ ಒಮ್ಮೆಗೇ ತುಂಬ ಅನ್ನ ತಿಂದರೆ ಹೊಟ್ಟೆಯಲ್ಲಿ ಹುಳಿ ಏರಿ ಸಾಯಲೂಬಹುದು. ದನಕ್ಕೆ ಕೊಡುವ ಮನೆಯ ಅಕ್ಕಚ್ಚಿಗೆ (ಅಕ್ಕಿ ತೊಳೆದ ನೀರಿಗೆ) ಒಂದು ಹಿಡಿ ಸೇರಿಸುವುದು ಬೇರೆ, ಮದುವೆಯ ಹಂಡೆ ಬೇರೆ.

ಮನೆಯಲ್ಲೂ ಇದೇ ಕ್ರಮ, ಬೇಯಿಸುವ ಮೊದಲು ಯೋಚನೆ. ರಾತ್ರಿ ಯಾರು ಹೊರಗೆ ಉಣ್ಣುತ್ತಾರೆ ಅಂತ ಸಂಜೆಯೇ ಕೇಳಿ, ಆಮೇಲೆ ಅಕ್ಕಿ ಅಳೆಯಿರಿ. ಮಿಕ್ಕ ಕುಚ್ಚಲಕ್ಕಿ ಅನ್ನ ಆರಿದ ಕೂಡಲೇ ಅಗಲ ಪಾತ್ರೆಗೆ ಹಾಕಿ ಫ್ರಿಜ್‌ಗೆ ಸೇರಿಸಿ, ಬೆಳಿಗ್ಗೆ ಮೊಸರು, ಉಪ್ಪು, ಗಾಂಧಾರಿ ಮೆಣಸು ಹಾಕಿದರೆ ಗಂಜಿಯಂಥ ತಿಂಡಿ ಇಲ್ಲ. ಹುಳಿ ಬಂದ ದೋಸೆ ಹಿಟ್ಟಿಗೆ ಈರುಳ್ಳಿ, ಒಗ್ಗರಣೆ ಹಾಕಿ ಗುಳಿಯಪ್ಪ ಮಾಡಿ. ಕಪ್ಪಾದ ಬಾಳೆಹಣ್ಣಿಗೆ ಬನ್ಸ್ ಇದ್ದೇ ಇದೆ, ಹಣ್ಣು ಎಷ್ಟು ಕಳಿತರೆ ಅಷ್ಟು ರುಚಿ. ಕಲ್ಲಂಗಡಿಯ ಬಿಳಿ ಭಾಗ ಅಕ್ಕಿ ಜೊತೆ ಅರೆದರೆ ದೋಸೆ, ಹೀರೆಕಾಯಿ ಸಿಪ್ಪೆಯಿಂದ ಚಟ್ನಿ, ಮಂಗಳೂರು ಸೌತೆಯ ತಿರುಳು ಬೀಜದಿಂದ ಸಾರು. ಇದೆಲ್ಲ ನಮ್ಮ ಅಜ್ಜಿಯರು ದಿನಾ ಮಾಡುತ್ತಿದ್ದದ್ದು. ಆ ಸೌತೆಯನ್ನೂ ಬಾಳೆ ನಾರಿನಲ್ಲಿ ಕಟ್ಟಿ ಮಾಡಿಗೆ ತೂಗಿಸಿ ಮಳೆಗಾಲ ಕಳೆಯುತ್ತಿದ್ದರು. ಒಡೆದ ತೆಂಗಿನಕಾಯಿ ಉಳಿದರೆ ಸುಮ್ನೆ ಬಿಡಬೇಡಿ, ತುರಿದು ಫ್ರೀಜರ್‌ಗೆ ಹಾಕಿ. ಮೀನು ಅಗ್ಗಕ್ಕೆ ಸಿಕ್ಕಿತು ಅಂತ ರಾಶಿ ತರಬೇಡಿ. ತಂದರೆ ಅದೇ ದಿನ ಸ್ವಚ್ಛ ಮಾಡಿ, ಒಂದೊಂದು ಹೊತ್ತಿಗೆ ಬೇಕಾದಷ್ಟು ಬೇರೆ ಬೇರೆ ಕಟ್ಟಿ ಫ್ರೀಜರ್‌ನಲ್ಲಿಡಿ.

ಇಷ್ಟಾದರೂ ಸಿಪ್ಪೆ, ಚರಟ ಉಳಿಯುತ್ತದೆ, ಅದನ್ನು ಗೊಬ್ಬರ ಮಾಡಿ. ತಳದಲ್ಲಿ ತೂತಿರುವ ಮಡಕೆಗೆ ಒಂದು ಪದರ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ, ಮೇಲೆ ಹಸಿ ಕಸ, ಮತ್ತೆ ತರಗೆಲೆ. ತರಗೆಲೆಯನ್ನು ಏಪ್ರಿಲ್, ಮೇ ತಿಂಗಳಲ್ಲೇ ಗೋಣಿಯಲ್ಲಿ ತುಂಬಿಟ್ಟುಕೊಳ್ಳಿ, ಜೂನ್ ಬಂದ ಮೇಲೆ ಒಣಗಿದ್ದು ಸಿಗುವುದಿಲ್ಲ. ಮಡಕೆ ಮಾಡಿನ ಕೆಳಗೇ ಇರಲಿ, ನೀರು ಬಿದ್ದರೆ ನಾರುತ್ತದೆ. ವಾಸನೆ ಬಂದರೆ ಇನ್ನೊಂದು ಹಿಡಿ ನಾರಿನ ಪುಡಿ ಹಾಕಿ ಕೆದಕಿ, ಎರಡು ದಿನದಲ್ಲಿ ಸರಿಯಾಗುತ್ತದೆ.