ಹಳೆಯ 240ಝಡ್‌ಗೆ ಟರ್ಬೊ ಎಂಜಿನ್: ಮುರಿಯುತ್ತಿದ್ದದ್ದು ಬಲಕ್ಕಲ್ಲ, ಸಡಿಲಕ್ಕೆ

ಮೂರು ವರ್ಷ ಹಿಡಿಯಿತು. ಒಂದು ಡಿಫರೆನ್ಶಿಯಲ್ (ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರು ಪೆಟ್ಟಿಗೆ), ಎರಡು ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ಅಚ್ಚು), ಏಳೋ ಎಂಟೋ ಕ್ರಾಸ್‌ಗಳು (ಶಾಫ್ಟ್ ಓರೆಯಾದರೂ ತಿರುಗಲು ಬಿಡುವ ಕೀಲು) ಹೋದವು. ಈಗ ನನ್ನ 1972ರ ಡಟ್ಸನ್ 240ಝಡ್ ಕಾರು ಟರ್ಬೊ ಎಂಜಿನ್ನಿನ ಬಲವನ್ನೆಲ್ಲ ನೆಲಕ್ಕೆ ಇಳಿಸುತ್ತಿದೆ. ಒಂಬತ್ತು ಸಾವಿರ ಕಿಲೋಮೀಟರ್ ಮೇಲಾಯಿತು, ಒಂದು ಬೋಲ್ಟೂ ಕಳಚಿಲ್ಲ. ಅದೂ ಕಂಪನಿಯ ಮಾದರಿಯ ಕ್ರಾಸ್ ಹಾಕಿದ ಹಾಫ್ ಶಾಫ್ಟ್‌ಗಳ (ಡಿಫರೆನ್ಶಿಯಲ್‌ನಿಂದ ಚಕ್ರಕ್ಕೆ ಹೋಗುವ ಶಾಫ್ಟ್) ಮೇಲೆಯೇ. "ಸಿವಿ ಜಾಯಿಂಟ್ ಹಾಕದೆ ಇದು ನಿಲ್ಲಲ್ಲ" ಎಂದು ಹೇಳದವರೇ ಇರಲಿಲ್ಲ; ಸಿವಿ ಅಂದರೆ ಕ್ರಾಸಿನ ಬದಲು ಹಾಕುವ ಇನ್ನೊಂದು ಬಗೆಯ ಕೀಲು. ನನ್ನ ಲೇತ್ ಕೆಲಸ ಮಾಡಿಕೊಟ್ಟವರಂತೂ ಪ್ರತಿ ಸಲ ಶಾಫ್ಟ್ ಕೈಗೆ ಕೊಡುವಾಗ "ಇನ್ನೊಂದು ತಿಂಗಳಿಗೆ ಮತ್ತೆ ಬರ್ತೀರಿ ಬಿಡಿ" ಅನ್ನುತ್ತಿದ್ದರು. ಎರಡು ವರ್ಷ ಅವರ ಮಾತೇ ನಿಜವಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಮೂಲ ಎಂಜಿನ್ ಎಲ್24, 2.4 ಲೀಟರ್, 151 ಕುದುರೆ. ಅದನ್ನು ಇಳಿಸಿ 280ಝಡ್‌ಎಕ್ಸ್ ಟರ್ಬೊದ ಎಲ್28ಇಟಿ ಕೂರಿಸಿದೆ. ಅದು 180 ಕುದುರೆ. ಬರೀ 29 ಕುದುರೆ ಹೆಚ್ಚು ಎಂದುಕೊಳ್ಳಬೇಡಿ. ಹಳೆಯದು ಗ್ರಾಸ್ ಲೆಕ್ಕ (ಎಂಜಿನ್ನನ್ನು ಒಂಟಿಯಾಗಿ ಅಳೆದದ್ದು), ಹೊಸದು ನೆಟ್ ಲೆಕ್ಕ (ಕಾರಿನಲ್ಲಿ ಇರುವ ಸಾಮಾನೆಲ್ಲ ಜೋಡಿಸಿ ಅಳೆದದ್ದು). ಅಲ್ಲದೆ ಆಕ್ಸಲ್ ಮುರಿಯುವುದು ಟಾರ್ಕ್ (ತಿರುಚುವ ಬಲ), ಕುದುರೆಯಲ್ಲ. ಎಲ್24ರದ್ದು 198 ನ್ಯೂಟನ್ ಮೀಟರ್. ಹಳೆಯ 4 ಗೇರಿನ ಬಾಕ್ಸಿನ ಒಂದನೇ ಗೇರು 3.55, ಡಿಫರೆನ್ಶಿಯಲ್‌ನ ದೊಡ್ಡ ಗೇರು ಅಂದರೆ ಕ್ರೌನ್ 3.36, ಮೂರನ್ನೂ ಗುಣಿಸಿದರೆ ಎರಡೂ ಚಕ್ರ ಸೇರಿ ಸುಮಾರು 2,350. ಟರ್ಬೊದ 275ಕ್ಕೆ ಟಿ5 ಬಾಕ್ಸಿನ 3.5, ಕ್ರೌನಿನ 3.54 ಗುಣಿಸಿದರೆ 3,400. ಇದು ಕಂಪನಿಯ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಆದ ಏಳು ಪಿಎಸ್‌ಐನಲ್ಲಿ. ನಾನು ಇಂಟರ್‌ಕೂಲರ್ ಹಾಕಿ ಹನ್ನೊಂದರ ಹತ್ತಿರ ಓಡಿಸುತ್ತೇನೆ, ಇನ್ನೂ ಕಾಲು ಪಾಲು ಸೇರಿಸಿಕೊಳ್ಳಿ.

ಗೇರ್ ಬಾಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟರ್ಬೊ ಕಾರಿನ ಬೋರ್ಗ್ ವಾರ್ನರ್ ಟಿ5 ಹಾಕಿದೆ, ಟನಲ್ ಸ್ವಲ್ಪ ಕತ್ತರಿಸಿದೆ, ಕ್ರಾಸ್ ಮೆಂಬರ್ ಬದಲಿಸಿದೆ, ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿನಿಂದ ಡಿಫರೆನ್ಶಿಯಲ್‌ಗೆ ಹೋಗುವ ಶಾಫ್ಟ್) ಹೊಸದಾಗಿ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದೆ. ಕ್ಲಚ್‌ನಲ್ಲಿ ಮಾತ್ರ ಒಂದು ವಾರ ಹೋಯಿತು. ಪ್ರೆಷರ್ ಪ್ಲೇಟ್ 240 ಮಿ.ಮೀ.ನದ್ದು, ಬೇರಿಂಗ್ ಕಾಲರ್ 225ರದ್ದು. ಪೆಡಲ್ ನೆಲಕ್ಕೆ ಮುಟ್ಟಿದರೂ ಕ್ಲಚ್ ಬಿಡುತ್ತಿರಲಿಲ್ಲ. ಕಾಲರಿನ ಎತ್ತರ ಪ್ರೆಷರ್ ಪ್ಲೇಟಿಗೆ ಜೋಡಿಯಾಗಿಯೇ ಇರಬೇಕು ಎಂದು ಗೊತ್ತಿದ್ದೂ, ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಂದವಲ್ಲ ಎಂದು ಅಳೆಯದೆ ಹಾಕಿದ್ದೆ. ಬಾಕ್ಸ್ ಎರಡು ಸಲ ಇಳಿಸಿದೆ.

ಇನ್ನು ಹಿಂಭಾಗ. ಮೂಲ ಆರ್180 ಡಿಫರೆನ್ಶಿಯಲ್ ಇಟ್ಟುಕೊಂಡೇ ಶುರು ಮಾಡಿದ್ದೆ. ಆಗ ನನ್ನ ಹತ್ತಿರ ಇದ್ದದ್ದು ಸ್ಪ್ರಿಂಗ್ ಇಲ್ಲದ, ಆರು ಬಿಲ್ಲೆಯ ರೇಸಿಂಗ್ ಕ್ಲಚ್ ಪ್ಲೇಟ್. ಬಿಟ್ಟ ಕೂಡಲೇ ಕಚ್ಚುತ್ತಿತ್ತು. ಆರನೇ ವಾರ ಎರಡನೇ ಗೇರಿನಲ್ಲಿ ಪಿಕಪ್ ಕೊಟ್ಟಾಗ ಹಿಂದಿನಿಂದ ಒಂದು ಸಲ ಸುತ್ತಿಗೆ ಬಡಿದ ಸದ್ದು, ಆಮೇಲೆ ಕರಕರ. ಬಿಚ್ಚಿದರೆ ಎಣ್ಣೆಯ ತಳದಲ್ಲಿ ಕ್ರೌನಿನ ಮೂರು ಹಲ್ಲು. ಎಲ್ಲರೂ ಹೇಳಿದ ಹಾಗೆ ಆರ್200 ತಂದೆ. ಹೆಸರೇ ಹೇಳುವಂತೆ ಕ್ರೌನ್ ವೀಲ್ 180 ಮಿ.ಮೀ. ಬದಲು 200 ಮಿ.ಮೀ. ಸ್ಟಡ್‌ಗಳ ಅಂತರ ಬೇರೆ, ಹಾಗಾಗಿ 280ಝಡ್‌ನ ಮಸ್ಟಾಶ್ ಬಾರ್ (ಡಿಫರೆನ್ಶಿಯಲ್‌ನ ಹಿಂಭಾಗ ಹಿಡಿಯುವ ಅಡ್ಡಪಟ್ಟಿ) ಕೂಡ ಬೇಕು. 3.9 ಕ್ರೌನ್ ಅಗ್ಗಕ್ಕೆ ಸಿಗುತ್ತಿತ್ತು, ಬೇಡ ಎಂದೆ. ಟರ್ಬೊ ಎಂಜಿನ್ನಿಗೆ ಅಷ್ಟು ಗಿಡ್ಡ ಗೇರು ಬೇಕಿಲ್ಲ, ಹಾಫ್ ಶಾಫ್ಟ್ ಮೇಲೆ ನೂರಕ್ಕೆ ಹತ್ತು ಹೊರೆ ಸುಮ್ಮನೆ ಹೆಚ್ಚುತ್ತದೆ. 3.54ರಲ್ಲೇ ನಿಂತೆ.

ಆರ್200 ಹಾಕಿದ ಮೇಲೆ ಡಿಫರೆನ್ಶಿಯಲ್ ಉಳಿಯಿತು, ಮುಂದಿನ ಕೊಂಡಿ ಹೋಯಿತು. ಎಡಗಡೆ ಸ್ಟಬ್ ಆಕ್ಸಲಿನ ಸ್ಪ್ಲೈನ್ (ಹಿಡಿತಕ್ಕೆ ಕಡೆದ ಹಲ್ಲುಗಳು) ತಿರುಚಿಕೊಂಡಿತು. ಬದಲಿಸಿದೆ. ನಾಲ್ಕು ತಿಂಗಳಿಗೆ ಅದೇ ಕಡೆ, ಅದೇ ಜಾಗ. ನಡುವೆ ಕ್ರಾಸ್‌ಗಳು ಹೋಗುತ್ತಲೇ ಇದ್ದವು. ಒಂದು ಸಲ ಕ್ರಾಸಿನ ಬಟ್ಟಲೇ ಹಾರಿಹೋಗಿ ಶಾಫ್ಟ್ ನೆಲದ ತಗಡಿಗೆ ಬಡಿದು ಕೈಯಗಲ ತಗ್ಗು ಮಾಡಿತು. ಅವತ್ತು ಗಾಡಿಯನ್ನು ಕಟ್ಟಿ ಎಳೆದು ತಂದು, ಸಿವಿ ಜಾಯಿಂಟ್ ಸೆಟ್ಟಿಗೆ ಮುಂಗಡ ಕೊಡಲು ಹೊರಟಿದ್ದೆ. ಬೆಲೆ ಕೇಳಿ ವಾಪಸು ಬಂದೆ. ಎಂಜಿನ್ನಿಗೆ ಕೊಟ್ಟ ದುಡ್ಡಿನ ಮುಕ್ಕಾಲು ಪಾಲು ಅದು.

ಆ ರಾತ್ರಿ ಮಾಡಿದ ಕೆಲಸವೇ ಇಡೀ ಕಥೆಯನ್ನು ತಿರುಗಿಸಿತು. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರ ಎರಡನ್ನೂ ಬಿಗಿದೆ, ಗೇರ್ ನ್ಯೂಟ್ರಲ್. ಕಾರಿನಡಿ ಮಲಗಿ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಆ ಕಡೆ ಈ ಕಡೆ ತಿರುಗಿಸಿದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಳೆದರೆ ಹದಿನಾಲ್ಕು ಡಿಗ್ರಿ ಪ್ಲೇ, ಅಂದರೆ ಸಡಿಲ! ಎಂಜಿನ್ ಹದಿನಾಲ್ಕು ಡಿಗ್ರಿ ಸುಮ್ಮನೆ ಓಡಿಬಂದು ಆಮೇಲೆ ಗುದ್ದುತ್ತಿತ್ತು. ತೂಕದ ಮೂಟೆಯನ್ನು ಹಗ್ಗಕ್ಕೆ ಮೆಲ್ಲಗೆ ಇಳಿಬಿಟ್ಟರೆ ಹಗ್ಗ ತಡೆಯುತ್ತದೆ, ಒಂದಡಿ ಮೇಲಿಂದ ಬಿಟ್ಟರೆ ಅದೇ ಹಗ್ಗ ಕಿತ್ತುಹೋಗುತ್ತದೆ. ಇಲ್ಲಿ ಆಗುತ್ತಿದ್ದದ್ದೂ ಅದೇ. ಬಿಲ್ಲೆ ಕ್ಲಚ್ ಆ ಗುದ್ದನ್ನು ಇನ್ನಷ್ಟು ಹರಿತ ಮಾಡುತ್ತಿತ್ತು.

ಎರಡನೆಯ ಅಳತೆ ಇನ್ನೂ ಒಳ್ಳೆಯದು. ಡಿಫರೆನ್ಶಿಯಲ್ ಮೂತಿಯ ಪಕ್ಕ ಒಂದು ತೆಳು ಕಂಬಿ ನಿಲ್ಲಿಸಿ, ಅದಕ್ಕೆ ಪ್ಲಾಸ್ಟಿಕ್ ಟೈ ಬಿಗಿದೆ. ಮೂತಿ ಮೇಲೆದ್ದರೆ ಟೈಯನ್ನು ತಳ್ಳಿಕೊಂಡು ಹೋಗುತ್ತದೆ, ಇಳಿದಾಗ ಟೈ ಅಲ್ಲೇ ಉಳಿಯುತ್ತದೆ. ಎರಡು ಸಲ ಪೂರ್ತಿ ಪಿಕಪ್ ಕೊಟ್ಟು ಬಂದು ನೋಡಿದರೆ ಟೈ 22 ಮಿ.ಮೀ. ಮೇಲೆ ಹೋಗಿತ್ತು. ಚಿಕ್ಕ ಗೇರಾದ ಪಿನಿಯನ್ ತಾನು ತಿರುಗಿಸುವ ಕ್ರೌನನ್ನು ಹತ್ತಲು ನೋಡುವುದರಿಂದ ಮೂತಿ ಏಳುವುದು ಸಹಜ. ಅದನ್ನು ತಡೆಯಲೆಂದೇ ಕಂಪನಿಯವರು ಮೇಲೊಂದು ಪಟ್ಟಿ ಕಟ್ಟಿದ್ದಾರೆ. ನನ್ನದು ಜೋತುಬಿದ್ದಿತ್ತು. ಕೆಳಗಿನ ರಬ್ಬರ್ ಮೌಂಟ್ ಅಂಟಿನಲ್ಲೇ ಬಿಟ್ಟುಕೊಂಡು ಎರಡು ಹೋಳಾಗಿತ್ತು, ಕಾರು ನಿಂತಿರುವಾಗ ಒಂದರ ಮೇಲೊಂದು ಕೂತು ಸರಿಯಿದ್ದಂತೆ ಕಾಣುತ್ತಿತ್ತು. 22 ಮಿ.ಮೀ. ಎಂದರೆ ಮೂತಿಯ ಕೋನ ಸುಮಾರು ಮೂರು ಡಿಗ್ರಿ ತಪ್ಪಿದ ಹಾಗೆ. ಒಂದೂವರೆ ವರ್ಷದಿಂದ ಬೆನ್ನು ಹತ್ತಿದ್ದ ನಡುಕಕ್ಕೂ ಇದೇ ಕಾರಣ. ಬರೀ ಪಿಕಪ್ ಕೊಟ್ಟಾಗ ಬಂದು, ಕಾಲು ತೆಗೆದರೆ ಹೋಗುತ್ತಿತ್ತು. ಅದಕ್ಕಾಗಿ ಶಾಫ್ಟನ್ನು ಮೂರು ಸಲ ಬ್ಯಾಲೆನ್ಸ್ ಮಾಡಿಸಿದ್ದೆ. ನಿಂತ ಕಾರಿನಲ್ಲಿ ಕೋನ ಅಳೆದರೆ ಎಲ್ಲ ಸರಿಯೇ ಇರುತ್ತಿತ್ತು!

ರಬ್ಬರನ್ನು ಎಳೆದರೆ ಹರಿಯುತ್ತದೆ, ಒತ್ತಿದರೆ ತಡೆಯುತ್ತದೆ. ಮೂಲ ಮೌಂಟ್ ಕೆಳಗಿನಿಂದ ಎಳೆದು ಹಿಡಿಯುವಂಥದ್ದು. ನಾನು ಪಟ್ಟಿಯ ಜಾಗದಲ್ಲಿ, ಅದೇ ಬೋಲ್ಟುಗಳಿಗೆ, ದಪ್ಪ ತಗಡಿನ ಬ್ರ್ಯಾಕೆಟ್ ಮಾಡಿ ಕೂರಿಸಿ, ಮೂತಿಗೂ ಅದಕ್ಕೂ ನಡುವೆ ಗಟ್ಟಿ ರಬ್ಬರಿನ ಗುಬ್ಬಿ ಇಟ್ಟೆ. ಕೆಳಗೆ ಹೊಸ ರಬ್ಬರ್ ಮೌಂಟ್ ಹಾಗೇ ಉಳಿಯಿತು. ಮೇಲೇಳಲು ನೋಡಿದರೆ ರಬ್ಬರ್ ಒತ್ತಿಕೊಳ್ಳುತ್ತದೆ, ಹರಿಯುವ ಮಾತೇ ಇಲ್ಲ. ಈಗ ಟೈ ಸರಿಯುವುದು ಮೂರು ಮಿ.ಮೀ. ಕೂರಿಸುವಾಗ ಗುಬ್ಬಿಯನ್ನು ಎಷ್ಟು ಒತ್ತಿಟ್ಟಿರಬೇಕು ಎನ್ನುವುದರಲ್ಲಿ ಕೆಲಸದ ಜೀವ ಇದೆ. ಆ ಅಳತೆಯನ್ನು ಮಾತ್ರ ಇಲ್ಲಿ ಕೊಡುವುದಿಲ್ಲ, ನಾಲ್ಕು ಬ್ರ್ಯಾಕೆಟ್ ಹಾಳುಮಾಡಿ ಕಲಿತದ್ದು.

ಮಧ್ಯೆ ಪಾಲಿಯುರಿಥೇನ್ ಗುಬ್ಬಿ ಹಾಕಿ ನೋಡಿದೆ. ಮೂತಿ ಒಂದು ಮಿ.ಮೀ. ಕೂಡ ಅಲುಗಲಿಲ್ಲ, ಆದರೆ ಕ್ರೌನಿನ ಹಾಡು ಪೂರ್ತಿ ಸೀಟಿಗೆ ಬಂತು. ಇನ್ನೊಂದು ಪ್ರಯೋಗ ಹಗುರ ಫ್ಲೈವೀಲ್. ಎಂಜಿನ್ ಚುರುಕಾಯಿತು ನಿಜ, ನಿಂತಲ್ಲಿ ಗೇರ್ ಬಾಕ್ಸ್ ಕಾಳು ಹುರಿದಂತೆ ಸದ್ದು ಮಾಡಿತು. ಹದಿನೈದು ದಿನಕ್ಕೆ ಹಳೆಯದನ್ನೇ ಹಾಕಿದೆ.

ಇನ್ನು ಹದಿನಾಲ್ಕು ಡಿಗ್ರಿ ಇಳಿಸುವ ಕೆಲಸ. ಹೆಚ್ಚಿನವರು ಕ್ರೌನ್-ಪಿನಿಯನ್ ಪ್ಲೇ ಹಿಡಿದುಕೊಂಡು ಕೂರುತ್ತಾರೆ. ಅದು 0.13ರಿಂದ 0.18 ಮಿ.ಮೀ.; ಶಾಫ್ಟಿನಲ್ಲಿ ಅರ್ಧ ಡಿಗ್ರಿಯೂ ಆಗುವುದಿಲ್ಲ. ಚಕ್ರದ ಕಡೆ ಒಂದೇ ಒಂದು ಡಿಗ್ರಿ ಸಡಿಲ ಇದ್ದರೆ ಶಾಫ್ಟಿನಲ್ಲಿ ಅದು ಮೂರೂವರೆ ಡಿಗ್ರಿ. ಹಾಗಾಗಿ ಚಕ್ರದಿಂದ ಒಳಗೆ ಬನ್ನಿ. 240ಝಡ್‌ನ ಸ್ಟಬ್ ಆಕ್ಸಲ್ 25 ಹಲ್ಲಿನದು, 280ಝಡ್‌ನದು 27. ಎರಡನೆಯದನ್ನು ಅದರ ಫ್ಲ್ಯಾಂಜ್ (ಹಾಫ್ ಶಾಫ್ಟನ್ನು ಬೋಲ್ಟಿನಲ್ಲಿ ಬಿಗಿಯುವ ತಟ್ಟೆ) ಸಮೇತ ಹಾಕಿ. ಹಳೆ ಫ್ಲ್ಯಾಂಜ್‌ಗಳಲ್ಲಿ ಎಲ್ಲವೂ ಒಂದೇ ಬಿಗಿ ಇರುವುದಿಲ್ಲ. ನಾನು ಐದು ಕೊಂಡು, ಒಂದೊಂದನ್ನೂ ಎರಡೂ ಆಕ್ಸಲಿಗೆ ತೊಡಿಸಿ, ಕೈಯಲ್ಲಿ ಅಲುಗದ ಎರಡು ಜೋಡಿ ಆರಿಸಿದೆ. ಮಿಕ್ಕ ಮೂರು ಮಾರಿಬಿಟ್ಟೆ. ಸ್ಪ್ಲೈನಿಗೆ ಏನು ಹಚ್ಚಿ ಕೂರಿಸಿದೆ ಎನ್ನುವುದೂ ನನ್ನಲ್ಲೇ ಇರಲಿ. ನಟ್ ಬಿಗಿಯುವುದು 250 ನ್ಯೂಟನ್ ಮೀಟರಿಗಿಂತ ಮೇಲೆ, ಬಿಗಿದ ಮೇಲೆ ಅಂಚು ತಟ್ಟಿ ಮಡಚಲೇಬೇಕು.

ಇದೇ ಹೊತ್ತಿಗೆ ಕೆಳಗಿನ ಆರ್ಮ್ ಬುಷ್ ಬದಲಿಸಲು ಸ್ಪಿಂಡಲ್ ಪಿನ್ (ಆರ್ಮನ್ನು ಚಕ್ರದ ಕಡೆ ಹಿಡಿಯುವ ಉದ್ದ ಪಿನ್) ಬಿಚ್ಚಿದೆ. ಈ ಕಾರು ಇಟ್ಟುಕೊಂಡವರಿಗೆ ಇದರ ಮುಂದೆ ಹೇಳಬೇಕಾದ್ದಿಲ್ಲ. ಬಲಗಡೆ ಅರ್ಧ ಗಂಟೆ, ಎಡಗಡೆ ಮೂರು ದಿನ. ಕೊನೆಗೆ ಪಿನ್ ಕತ್ತರಿಸಿಯೇ ತೆಗೆದೆ.

ಆರ್200 ಅಗಲ ಜಾಸ್ತಿ, ಅದರಿಂದ ಹಾಫ್ ಶಾಫ್ಟಿನ ಜಾರುವ ಭಾಗಕ್ಕೆ ಜಾಗ ಕಡಿಮೆ. ಕಾರು ತಗ್ಗಿಸಿದ್ದರೆ ಇನ್ನೂ ಕಡಿಮೆ. ಸ್ಪ್ರಿಂಗ್ ತೆಗೆದು, ಚಕ್ರವನ್ನು ಜ್ಯಾಕಿನಿಂದ ತಳದಿಂದ ತುದಿಯವರೆಗೆ ಎತ್ತಿ ಇಳಿಸಿ, ಪ್ರತಿ 10 ಮಿ.ಮೀ.ಗೆ ಎಷ್ಟು ಉಳಿದಿದೆ ಎಂದು ಬರೆದುಕೊಂಡೆ. ಎಡಗಡೆ ಒಂದು ಜಾಗದಲ್ಲಿ ಏನೂ ಉಳಿದಿರಲಿಲ್ಲ, ಲೋಹಕ್ಕೆ ಲೋಹ ತಾಗುತ್ತಿತ್ತು. ಯಾವಾಗಲೂ ಎಡಗಡೆಯೇ ಯಾಕೆ ಮುರಿಯುತ್ತಿತ್ತು ಎನ್ನುವುದಕ್ಕೆ ಉತ್ತರ ಅಲ್ಲಿತ್ತು. ಶಾಫ್ಟಿನ ಒಳತುದಿ ಲೇತಿನಲ್ಲಿ ಐದಾರು ಮಿ.ಮೀ. ಕಡಿಸಿದೆ. ನಾಲ್ಕೂ ಕ್ರಾಸ್ ಹೊಸದು. ಗ್ರೀಸ್ ನಿಪ್ಪಲ್‌ಗಾಗಿ ಕೊರೆದದ್ದಲ್ಲ, ಗಟ್ಟಿ ನಡುವಿನದು.

ಡಿಫರೆನ್ಶಿಯಲ್ ಒಳಗೆ 300ಝಡ್‌ಎಕ್ಸ್ ಟರ್ಬೊದ ಕ್ಲಚ್ ಮಾದರಿಯ ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಭಾಗ) ಹಾಕಿದೆ. ಅದರ ಕ್ರೌನ್ ಬೋಲ್ಟ್ 12 ಮಿ.ಮೀ., ನನ್ನ ಕ್ರೌನಿನದು 10, ಸ್ಲೀವ್ ಮಾಡಿಸಬೇಕಾಯಿತು. ಮೊದಲ ಸಲ ಪ್ಲೇ 0.28ಕ್ಕೆ ನಿಂತಿತ್ತು, ನಡೆಯುತ್ತೆ ಬಿಡು ಎಂದು ಮುಚ್ಚಿದೆ. ಕಾಲು ತೆಗೆದಾಗೆಲ್ಲ ಊಳಿಡುತ್ತಿತ್ತು. ಮತ್ತೆ ಬಿಚ್ಚಿ, ಶಿಮ್ ಬದಲಿಸಿ, ಪೇಸ್ಟ್ ಹಚ್ಚಿ ಹಲ್ಲಿನ ಗುರುತು ನೋಡಿ, 0.15ಕ್ಕೆ ತಂದೆ. ಬಿಲ್ಲೆ ಕ್ಲಚ್ ತೆಗೆದು, ಸ್ಪ್ರಿಂಗ್ ಇರುವ ಪೂರ್ತಿ ಪ್ಲೇಟ್, ಬಿಗಿ ಪ್ರೆಷರ್ ಪ್ಲೇಟ್ ಹಾಕಿದೆ. ತೀರಾ ಒರಟಾಗಿ ಬಿಟ್ಟರೆ ಅದು ಕ್ಷಣಕಾಲ ಜಾರುತ್ತದೆ. ಆಕ್ಸಲ್ ಉಳಿಸುವುದು ಆ ಜಾರುವಿಕೆಯೇ.

ದುಡ್ಡಿನ ಮಾತು. ಎಂಜಿನ್ನಿಗೆ ನೂರು ಕೊಟ್ಟೆ ಅಂದುಕೊಳ್ಳಿ. ಹಿಂದಿನ ಕೆಲಸಕ್ಕೆ ಒಟ್ಟು ನೂರ ಅರವತ್ತು ಹೋಗಿದೆ. ಅದರಲ್ಲಿ ಈಗ ಕಾರಿನಲ್ಲಿ ಇರುವ ಸಾಮಾನಿನ ಬೆಲೆ ಎಪ್ಪತ್ತು ದಾಟುವುದಿಲ್ಲ, ಮಿಕ್ಕ ತೊಂಬತ್ತು ಮುರಿದದ್ದು, ತಪ್ಪಾಗಿ ಕೊಂಡದ್ದು, ಮೂರು ಸಲದ ಬ್ಯಾಲೆನ್ಸಿಂಗ್. ನನ್ನ ಸಮಸ್ಯೆ ಬಗೆಹರಿಸಿದ ಬ್ರ್ಯಾಕೆಟ್ ಮತ್ತು ರಬ್ಬರಿಗೆ ಹೋದದ್ದು ಒಂದೋ ಎರಡೋ ಅಷ್ಟೇ. ಮೊದಲೇ ಶಾಫ್ಟ್ ಹಿಡಿದು ತಿರುಗಿಸಿ ನೋಡಿದ್ದರೆ ಆ ತೊಂಬತ್ತರಲ್ಲಿ ಎಂಬತ್ತು ಉಳಿಯುತ್ತಿತ್ತು.

ಎಲ್ಲ ಮುಗಿದ ದಿನ ಪ್ಲೇ ಐದು ಡಿಗ್ರಿ ಇತ್ತು. ಲೇತಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಠಕ್ ಎನ್ನುವ ಸದ್ದಿಗಾಗಿ ಅವರು ತಲೆ ಓರೆ ಮಾಡಿ ಕಾದರು. ಬರಲಿಲ್ಲ. "ಇನ್ನೊಂದು ಸಲ ಮಾಡಿ" ಅಂದರು. ಇಳಿದ ಮೇಲೆ ಕೇಳಿದ್ದು ಗುಬ್ಬಿಯ ಅಳತೆಯನ್ನು.

ಕಳೆದ ವಾರ ಮತ್ತೆ ಅಳೆದೆ, ಐದೂವರೆ. ಆ ಅರ್ಧ ಡಿಗ್ರಿ ಎಡಗಡೆ ಒಳಗಿನ ಕ್ರಾಸಿನಲ್ಲಿದೆ. ಹೊಸದು ತಂದಿಟ್ಟಿದ್ದೇನೆ, ಭಾನುವಾರ ಹಾಕುತ್ತೇನೆ.